ಯಾವ ಜಾವ?

ಕಳೆದ ಕಾರ್ತಿಕ ಮಾಸದಲ್ಲಿ ನನ್ನ ಒಂದು ಮಾತಿನಿಂದ ನಮ್ಮ ಮನೆಗೆ ಕೂಡಿಬರಬೇಕಾಗಿದ್ದ ಸಂಬಂಧವೊಂದು ತಪ್ಪಿಹೋಗುವುದರಲ್ಲಿತ್ತು. ಆಡಿದ ಮಾತು ಸುಳ್ಳಲ್ಲ, ಕಟುವೂ ಅಲ್ಲ. ಎರಡಕ್ಷರದ ಒಂದು ಪದವಷ್ಟೆ. ಮಠದ ಪಾಠಶಾಲೆಯಲ್ಲಿ ವ್ಯಾಕರಣ ಕಲಿತು, ಅನಂತರದ ನಾಲ್ಕು ದಶಕಗಳ ಕಾಲ ಪದಗಳ ಹುಟ್ಟು ಬೆಳವಣಿಗೆಗಳನ್ನೇ ಊರೂರಿಗೆ ಹೇಳಿಕೊಂಡು ಬಂದವನ ಬಾಯಿಂದ ಅದು ಹೊರಟಿತ್ತು. ಆದ್ದರಿಂದ ನಡೆದುದನ್ನು ಈ ಅಂಕಣದ ಓದುಗರ ಮುಂದೆ ಒಪ್ಪಿಸಿಬಿಡುವುದೇ ಲೇಸೆಂದು ತೋರಿತು.

ನನ್ನ ತಮ್ಮನ ಸಂಸಾರ ವೈಟ್‌ಫೀಲ್ಡಿನ ಆಚೆ, ಕಾಡುಗೋಡಿಯ ಬಳಿ ಇದೆ. ಅವನ ಹಿರಿಯ ಮಗ ಪೀಣ್ಯದಲ್ಲಿ ಯಂತ್ರದ ಬಿಡಿಭಾಗಗಳನ್ನು ಮಾಡುವ ಒಂದು ಕಾರ್ಖಾನೆಯಲ್ಲಿದ್ದಾನೆ. ಮದುವೆಯಾಗಿ ಮೂರು ವರ್ಷ. ಕಿರಿಯವನದು ಕಂಪ್ಯೂಟರಿನ ಉದ್ಯೋಗ. ಅವನಿಗೆ ಕನ್ಯೆ ನೋಡುತ್ತಿದ್ದಾಗ ಮೈಸೂರಿನ ಒಂದು ಮನೆತನದ ಪ್ರಸ್ತಾಪ ಬಂತು. ಮೂಲತಃ ಚಿಕ್ಕೋಡಿ ಕಡೆಯವರು, ಉದ್ಯೋಗನಿಮಿತ್ತ ಮೈಸೂರಿಗೆ ಬಂದು ನೆಲೆಸಿದವರು. ಹುಡುಗಿ ದಾವಣಗೆರೆಯಲ್ಲಿ ಉಪನ್ಯಾಸಕಿ. ಆ ಮನೆಯಲ್ಲಿ ಇಂಥ ಮಾತೆಲ್ಲ ಮೊದಲು ಎಂಬತ್ತು ದಾಟಿದ ಅಜ್ಜನವರ ಬಳಿಯೇ ನಡೆಯಬೇಕು. ಅವರ ಮನಸ್ಸು ಒಪ್ಪುವ ತನಕ ಮೊಮ್ಮಗಳ ಕಿವಿಗೂ ಹಾಕುವುದಿಲ್ಲ. ಹಿರಿಯರೊಡನೆ ಹಿರಿಯನೇ ಮಾತನಾಡುವುದು ಸರಿಯೆಂದು ತಮ್ಮ ನನ್ನ ಕೈಗೆ ಫೋನು ಕೊಟ್ಟ. ಶರಣಾರ್ಥಿಗಳಾದವು, ಊರು ಮಠ ಮನೆತನಗಳ ವಿಚಾರವಾಯಿತು.

‘ಹುಡುಗ ಎಲ್ಲಿ ನೌಕರಿ ಮಾಡತಾನ್ರಿ ಶಾಸ್ತ್ರಿಗಳ?’ ಎಂದು ಕೇಳಿದರು.

‘ಜಾವಾದಲ್ಲಿದ್ದಾನೆ. ಎಂಟು ವರ್ಷವಾಯಿತು. ಅದರಲ್ಲಿ ಒಳ್ಳೆಯ ಹಿಡಿತವಿದೆ ಎನ್ನುತ್ತಾರೆ’ ಎಂದೆ.

ಮನೆಯಲ್ಲಿ ಮಕ್ಕಳು ಆಡುವ ಮಾತನ್ನೇ ಎತ್ತಿ ಹೇಳಿದ್ದೆ. ‘ನಾನು ಜಾವಾ, ನನ್ನ ಗೆಳೆಯ ಟೆಸ್ಟಿಂಗ್’ ಎಂದು, ಗೋತ್ರ ಸೂತ್ರ ಹೇಳುವಂತೆ ಅವರು ಹೇಳಿಕೊಳ್ಳುತ್ತಾರೆ. ಆ ಕಡೆಯಿಂದ ಒಂದು ಗಳಿಗೆ ಸದ್ದಿರಲಿಲ್ಲ. ಆಮೇಲೆ, ‘ಆತ್ರಿ, ವಿಚಾರ ಮಾಡಿ ತಿಳಸ್ತೇವಿ’ ಎಂಬ ಮಾತು ಬಂತು.

ಮೂರು ವಾರ ತಿಳಿಸಲಿಲ್ಲ. ತಮ್ಮನ ಹೆಂಡತಿ, ಬಳಗದಲ್ಲಿ ಯಾರೋ ಏನೋ ಹೇಳಿರಬೇಕೆಂದು ಕೊರಗಿದಳು. ಕೊನೆಗೆ ತುಮಕೂರಿನ ಒಂದು ಮದುವೆಯಲ್ಲಿ ಉಭಯತ್ರರಿಗೂ ಬೇಕಾದವರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಅಜ್ಜನವರ ಮಾತನ್ನು ಹೇಳಿದರು. ‘ಮಠದಾಗ ಕಲ್ತಾವ್ರು ಹಿಂಗ ಸುಳ್ಳ ಹೇಳಬಾರದಿತ್ತು. ಆ ಕಾರಖಾನಿ ಬಾಗಲಾ ಮುಚ್ಚಿ ಮೂವತ್ತ ವರ್ಷ ಆಗಾಕ ಬಂತು. ಎಂಟ ವರ್ಷದಿಂದ ಹುಡುಗ ಅಲ್ಲಿ ಏನ ಮಾಡತಾನು?’

ಊಟದ ಎಲೆಯ ಮುಂದೆ ಕುಳಿತವನಿಗೆ ತುತ್ತು ಇಳಿಯಲಿಲ್ಲ. ಸಂಬಂಧ ತಪ್ಪುವುದು ಹಾಗಿರಲಿ, ಸುಳ್ಳುಗಾರನೆಂಬ ಹೆಸರನ್ನು ಈ ವಯಸ್ಸಿನಲ್ಲಿ ಹೊರುವುದು ಹೇಗೆ?

ಅಜ್ಜನವರ ಮೇಲೆ ತಪ್ಪು ಹೊರಿಸಲು ಬಾರದು. ಮೈಸೂರಿನಲ್ಲಿ ಅರ್ಧ ಆಯುಷ್ಯ ಕಳೆದವರಿಗೆ ಜಾವಾ ಎಂದರೆ ಯಾದವಗಿರಿಯ ಮೋಟಾರ್ ಸೈಕಲ್ ಕಾರ್ಖಾನೆ. ಐಡಿಯಲ್ ಜಾವಾ ಎಂಬ ಆ ಸಂಸ್ಥೆ ೧೯೬೦ರಲ್ಲಿ ಸ್ಥಾಪನೆಯಾಗಿ, ಮುಂದಿನ ವರ್ಷದಿಂದ ಗಾಡಿಗಳು ಹೊರಬರತೊಡಗಿದವು. ೧೯೭೩ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರಾಯಿತು. ೧೯೯೬ರಲ್ಲಿ ಕಾರ್ಖಾನೆ ಮುಚ್ಚಿತು. ಒದ್ದು ಚಾಲೂ ಮಾಡುವ ಕಡ್ಡಿಯನ್ನೇ ಮುಂದಕ್ಕೆ ಮಡಿಸಿದರೆ ಅದೇ ಗೇರು ಹಾಕುವ ಕಡ್ಡಿಯಾಗುತ್ತಿದ್ದ ಆ ಗಾಡಿಯನ್ನು ನಮ್ಮ ಪೀಳಿಗೆಯವರು ಮರೆತಿರಲಾರರು. ನಮ್ಮ ಊರಿನ ವೈದ್ಯರ ಬಳಿ ಒಂದಿತ್ತು. ಅದರ ಸದ್ದು ಕೆರೆಯ ಏರಿಯ ಮೇಲೆ ಕೇಳಿದರೆ ಸಾಕು, ಯಾರ ಮನೆಯಲ್ಲಿ ಕಾಯಿಲೆ ಎಂದು ಊರೇ ಹೊರಗೆ ಬಂದು ನಿಲ್ಲುತ್ತಿತ್ತು. ೨೦೧೮ರಲ್ಲಿ ಬೇರೊಂದು ಸಂಸ್ಥೆ ಆ ಹೆಸರಿನ ಗಾಡಿಗಳನ್ನು ಮತ್ತೆ ಮಾರುಕಟ್ಟೆಗೆ ತಂದಿದೆ; ಆದರೆ ಅವು ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದಲ್ಲಿ.

ಈ ಜಾವಾ ಎಂಬ ಹೆಸರು ಯಾವ ನಿಘಂಟಿನಿಂದಲೂ ಬಂದುದಲ್ಲ. ಚೆಕ್ ನಾಡಿನ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ೧೯೨೯ರಲ್ಲಿ ಜರ್ಮನಿಯ ವಾಂಡರರ್ ಸಂಸ್ಥೆಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡುಕೊಂಡ. ತನ್ನ ಹೆಸರಿನ ಮೊದಲ ತುಣುಕನ್ನೂ ಅದರ ಹೆಸರಿನ ಮೊದಲ ತುಣುಕನ್ನೂ ಕೂಡಿಸಿದ, ಪದವಾಯಿತು. ಅವರ ನಾಡಿನ ಓದಿನಲ್ಲಿ ಅದು ‘ಯಾವಾ’. ಇಂಗ್ಲಿಷರು ಆ ಅಕ್ಷರಗಳನ್ನು ಓದುವ ಬಗೆಯಲ್ಲಿ ನಾವು ಓದಿ ‘ಜಾವಾ’ ಮಾಡಿಕೊಂಡೆವು. ಯೆಜ್ಡಿಯ ಕಥೆಯೂ ಇಂಥದೇ. ಚೆಕ್ ಭಾಷೆಯಲ್ಲಿ ಸವಾರಿ ಮಾಡುವುದೆಂಬ ಅರ್ಥದ ಕ್ರಿಯಾಪದದಿಂದ ಅದು ಬಂತೆಂದು ಕೆಲವರು, ಇರಾನಿನ ಯಜ್ದ್ ಪಟ್ಟಣದಿಂದ ಬಂತೆಂದು ಕೆಲವರು ಹೇಳುತ್ತಾರೆ. ಅದನ್ನು ಇಲ್ಲಿಗೆ ಬಿಡೋಣ.

ಹಾಗಾದರೆ ನಮ್ಮ ಹುಡುಗನ ಜಾವಾ ಯಾವುದು? ನಾಚಿಕೆಯ ಸಂಗತಿ, ಅದನ್ನು ಹಿಡಿದು ಮೈಸೂರಿಗೆ ಫೋನು ಮಾಡಿದ್ದ ನನಗೂ ತಿಳಿದಿರಲಿಲ್ಲ. ಮದುವೆಯಿಂದ ಹಿಂತಿರುಗಿದ ರಾತ್ರಿ ತಮ್ಮನ ಮನೆಯಲ್ಲಿಯೇ ತಂಗಿದ್ದೆ. ಎಂದಿನಂತೆ ನಾಲ್ಕು ಗಂಟೆಗೆ ಎದ್ದು ಸ್ನಾನಕ್ಕೆ ಹೊರಟರೆ ಅವನ ಕೋಣೆಯ ಬಾಗಿಲ ಸಂದಿಯಲ್ಲಿ ಬೆಳಕು. ಇಷ್ಟು ಬೇಗ ಎದ್ದನೇ ಎಂದು ಸಂತೋಷಪಟ್ಟು ಬಾಗಿಲು ತಟ್ಟಿದೆ. ಅವನು ಎದ್ದಿರಲಿಲ್ಲ, ಇನ್ನೂ ಮಲಗಿರಲಿಲ್ಲ. ಅಮೆರಿಕದ ಪಡುವಣ ಕರಾವಳಿಯ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಅವರ ಹಗಲು ಮುಗಿಯುವ ತನಕ ಇವನ ರಾತ್ರಿ ಮುಗಿಯದು.

ಕುಳಿತು ಕೇಳಿದೆ. ಜಾವಾ ಎಂದರೆ ಕಂಪ್ಯೂಟರಿಗೆ ಆಜ್ಞೆಗಳನ್ನು ಬರೆಯುವ ಒಂದು ಭಾಷೆ. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರು ರೂಪಿಸಿ ೧೯೯೫ರ ಮೇ ತಿಂಗಳಲ್ಲಿ ಲೋಕದ ಮುಂದಿಟ್ಟರು. ೨೦೧೦ರಿಂದ ಅದು ಒರಾಕಲ್ ಸಂಸ್ಥೆಯ ಪಾಲಾಗಿದೆ. ಒಮ್ಮೆ ಬರೆದುದು ಬೇರೆ ಬೇರೆ ಬಗೆಯ ಯಂತ್ರಗಳ ಮೇಲೂ ನಡೆಯಬೇಕೆಂಬುದು ಅದರ ಸಂಕಲ್ಪವಂತೆ. ಬ್ಯಾಂಕಿನ ಲೆಕ್ಕದಿಂದ ಕೈಫೋನಿನ ತನಕ ಅದರ ಬಳಕೆ ಇದೆ. ಮೈಸೂರಿನ ಜಾವಾ ಕಣ್ಣುಮುಚ್ಚುವುದಕ್ಕೆ ಒಂದು ವರ್ಷ ಮೊದಲು ಈ ಜಾವಾ ಕಣ್ಣುಬಿಟ್ಟಿತ್ತು. ನಮ್ಮ ಹುಡುಗ ಹುಟ್ಟಿದ್ದೂ ಅದೇ ವರ್ಷ.

‘ಭಾಷೆ ಎಂದ ಮೇಲೆ ಅದಕ್ಕೆ ವ್ಯಾಕರಣವಿದೆಯೇನಪ್ಪ?’ ಎಂದೆ.

‘ನಿಮ್ಮ ವ್ಯಾಕರಣಕ್ಕಿಂತ ಕಟ್ಟುನಿಟ್ಟು, ದೊಡ್ಡಪ್ಪ. ಒಂದು ವಾಕ್ಯದ ಕೊನೆಯಲ್ಲಿ ಅರ್ಧವಿರಾಮ ಬಿಟ್ಟರೆ ಯಂತ್ರ ಮುಂದಕ್ಕೆ ಹೋಗೋದೇ ಇಲ್ಲ.’

ನಮ್ಮ ಗುರುಗಳು ಇದನ್ನು ಕೇಳಿದ್ದರೆ ಮೆಚ್ಚುತ್ತಿದ್ದರು. ವಿರಾಮ ಚಿಹ್ನೆ ಬಿಟ್ಟವನಿಗೆ ಅವರು ಕೊಡುತ್ತಿದ್ದ ಶಿಕ್ಷೆಯೂ ಹೆಚ್ಚುಕಡಿಮೆ ಅದೇ. ಪಾಠ ಮುಂದೆ ಹೋಗುತ್ತಿರಲಿಲ್ಲ.

ಆ ಭಾಷೆಗೆ ಮೊದಲಿಟ್ಟಿದ್ದ ಹೆಸರು ಓಕ್. ಗಾಸ್ಲಿಂಗ್ ಅವರ ಕಿಟಕಿಯಾಚೆ ಇದ್ದ ಮರದ ಹೆಸರು. ಬೇರೊಂದು ಸಂಸ್ಥೆ ಅದನ್ನು ಮೊದಲೇ ನೋಂದಾಯಿಸಿಕೊಂಡಿದ್ದುದರಿಂದ ಹೊಸದನ್ನು ಹುಡುಕಬೇಕಾಗಿ ಜಾವಾ ಬಂತು. ಏಕೆ ಜಾವಾ ಎಂದರೆ ಹುಡುಗ ನಕ್ಕು, ‘ಅದು ಕಾಫಿ, ದೊಡ್ಡಪ್ಪ’ ಎಂದು ಅದರ ಲಾಂಛನ ತೋರಿಸಿದ. ಹಬೆಯಾಡುವ ಒಂದು ಬಟ್ಟಲು! ಅಮೆರಿಕದ ಆಡುಮಾತಿನಲ್ಲಿ ಜಾವಾ ಎಂದರೆ ಕಾಫಿ. ಇದೇ ಹೆಸರನ್ನು ಬಾಲಕ್ಕೆ ಕಟ್ಟಿಕೊಂಡ ಜಾವಾಸ್ಕ್ರಿಪ್ಟ್ ಎಂಬ ಇನ್ನೊಂದು ಭಾಷೆಯೂ ಉಂಟು. ಅದೂ ೧೯೯೫ರದೇ, ಆದರೆ ಬೇರೆ ಸಂಸ್ಥೆಯ ಕೂಸು. ಹೆಸರು ಮಾಡುತ್ತಿದ್ದ ಜಾವಾದ ಕೀರ್ತಿಯಲ್ಲಿ ಪಾಲು ಸಿಗಲೆಂದು ಆ ಹೆಸರಿಟ್ಟರಂತೆ. ಊರಿನಲ್ಲಿ ಗೌಡರ ಮನೆ ಸಮೀಪವಿದ್ದವರೆಲ್ಲ ಗೌಡರ ಕಡೆಯವರೆನ್ನುವುದಿಲ್ಲವೇ, ಹಾಗೆ.

ಕಾಫಿಗೆ ಜಾವಾ ಎಂಬ ಹೆಸರು ಬಂದ ದಾರಿ ಮಾತ್ರ ನನ್ನನ್ನು ಎರಡು ದಿನ ಹಿಡಿದು ಕೂರಿಸಿತು. ಯೆಮೆನ್ ನಾಡಿನ ಮೋಕಾ ಬಂದರಿನಿಂದ ಬಾಬಾ ಬುಡನ್ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಗಿರಿಯಲ್ಲಿ ಬಿತ್ತಿದರೆಂಬ ಹದಿನೇಳನೆಯ ಶತಮಾನದ ಐತಿಹ್ಯ ನಮಗೆಲ್ಲ ತಿಳಿದುದೇ. ಡಚ್ಚರು ಕಾಫಿಯ ಸಸಿಗಳನ್ನು ೧೬೯೬ರಲ್ಲಿ ಜಾವಾ ದ್ವೀಪಕ್ಕೆ, ಇಂದಿನ ಜಕಾರ್ತವಾಗಿರುವ ಬಟಾವಿಯಕ್ಕೆ, ಒಯ್ದರು. ಎಲ್ಲಿಂದ ಒಯ್ದರು ಬಲ್ಲಿರಾ? ನಮ್ಮ ಮಗ್ಗುಲಿನ ಮಲಬಾರ್ ಕರಾವಳಿಯಿಂದ. ಆ ಸಸಿಗಳು ನೆರೆಯಲ್ಲಿ ಕೊಚ್ಚಿಹೋದವು. ೧೬೯೯ರಲ್ಲಿ ಮತ್ತೆ ಒಯ್ದರು, ಅವು ಹಿಡಿದವು. ಮಲಬಾರಿನ ಆ ಗಿಡಗಳ ತವರು ನಮ್ಮ ಗಿರಿಯೇ ಎಂದು ನಂಬುವವರಿದ್ದಾರೆ. ಮುಂದೆ ಜಾವಾದ ಕಾಫಿ ಹಡಗು ಹಡಗಾಗಿ ಯೂರೋಪನ್ನೂ ಅಮೆರಿಕವನ್ನೂ ತಲಪಿ, ಊರಿನ ಹೆಸರೇ ಪಾನೀಯದ ಹೆಸರಾಯಿತು. ನಮ್ಮ ಕಡಲ ಅಂಚಿನಿಂದ ಹೋದ ಗಿಡ ದ್ವೀಪದ ಹೆಸರು ಹೊತ್ತು ಅಮೆರಿಕದ ಬಟ್ಟಲಿಗೆ ಬಿದ್ದು, ಬಟ್ಟಲಿನಿಂದ ಯಂತ್ರಕ್ಕೆ ಏರಿ, ಕೊನೆಗೆ ವೈಟ್‌ಫೀಲ್ಡಿನಲ್ಲಿ ನಮ್ಮ ಹುಡುಗನ ನಿದ್ದೆ ಕೆಡಿಸಲು ಬಂದಿದೆ.

ಇನ್ನು ದ್ವೀಪದ ಹೆಸರು. ಅದು ಸಂಸ್ಕೃತದ ಯವದ್ವೀಪ. ಸೀತಾನ್ವೇಷಣೆಗೆ ಕಪಿಗಳನ್ನು ಕಳಿಸುವಾಗ ಸುಗ್ರೀವನು ಹೇಳುವ ನಾಡುಗಳಲ್ಲಿ, ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ, ಈ ಹೆಸರಿದೆ. ಎರಡನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿಯು ‘ಇಯಾಬದಿಯು’ ಎಂದು ಬರೆದು, ಜವೆಧಾನ್ಯದ ದ್ವೀಪವೆಂದು ಅರ್ಥವನ್ನೂ ಕೊಟ್ಟಿದ್ದಾನೆ. ಮಧ್ಯ ಜಾವಾದ ಚಂಗಲ್ ಎಂಬಲ್ಲಿ ಸಿಕ್ಕಿದ, ಶಕ ೬೫೪ರ, ಎಂದರೆ ಕ್ರಿ.ಶ. ೭೩೨ರ ಶಾಸನವೊಂದು ಪಲ್ಲವ ಲಿಪಿಯಲ್ಲಿ, ಸಂಸ್ಕೃತ ಭಾಷೆಯಲ್ಲಿದೆ. ಧಾನ್ಯಸಮೃದ್ಧವಾದ ಯವದ್ವೀಪವನ್ನು ಅದು ಹೊಗಳುತ್ತದೆ. ಸಂಜಯನೆಂಬ ಅರಸು ಬೆಟ್ಟದ ಮೇಲೆ ಲಿಂಗವೊಂದನ್ನು ಸ್ಥಾಪಿಸಿದ ಸಂಗತಿಯನ್ನು ಹೇಳುತ್ತದೆ. ಸ್ಥಾವರವೇ ಆದರೂ ಲಿಂಗವಲ್ಲವೇ. ಅದನ್ನು ಓದಿದಂದು ನನಗೆ ಆ ದೂರದ ದ್ವೀಪ ಒಮ್ಮೆಲೇ ಹತ್ತಿರವಾಯಿತು.

ಈಗ ನಮ್ಮ ಮನೆಯ ಜಾವಕ್ಕೆ ಬರುತ್ತೇನೆ. ‘ಬೆಳಗಿನ ಜಾವ’ ಎನ್ನುವಾಗಿನ ಜಾವ ಸಂಸ್ಕೃತದ ಯಾಮ ಶಬ್ದದ ತದ್ಭವ. ಮೊದಲಿನ ಯಕಾರಕ್ಕೆ ಜಕಾರ ಬರುವುದು ಕೇಶಿರಾಜನ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣವನ್ನು ಓದಿದವರಿಗೆ ಹೊಸದಲ್ಲ. ಯಾತ್ರೆ ಜಾತ್ರೆಯಾಯಿತು, ಯೋಗಿ ಜೋಗಿಯಾದ, ಯೌವನ ಜವ್ವನವಾಯಿತು, ಯುಗ ಜುಗವಾಯಿತು. ನಡುವಿನ ಮಕಾರ ವಕಾರವಾಗುವುದೂ ಉಂಟು, ಕುಮಾರ ಕುವರನಾದ. ಎರಡೂ ಒಟ್ಟಿಗೆ ನಡೆದಾಗ ಯಮನು ಜವನಾದ, ಹಾಡುಗಳಲ್ಲಿ ಜವರಾಯನಾದ, ಯಾಮ ಜಾವವಾಯಿತು. ಇದೇ ನಿಯಮದಿಂದ ಯವವು ಜವೆಯಾಯಿತು. ನಮ್ಮ ಅಂಗಡಿಗಳ ಜವೆಗೋಧಿ ಅದೇ. ಇಲ್ಲಿ ಓದುಗರು ಒಂದು ಚೋದ್ಯವನ್ನು ಗಮನಿಸಬೇಕು. ಕಿವಿಗೆ ಒಂದೇ ತಾಯ ಮಕ್ಕಳಂತೆ ಕೇಳುವ ಬೆಳಗಿನ ಜಾವಕ್ಕೂ ಜಾವಾ ದ್ವೀಪಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಕಿವಿಗೆ ಬೇರೆಯಾಗಿ ಕೇಳುವ ಜವೆಗೋಧಿಯೂ ಆ ದ್ವೀಪವೂ ಒಂದೇ ಬೇರಿನವು. ಸದ್ದು ನಂಬಿ ಸಂಬಂಧ ಹೇಳಬಾರದೆಂದು ಪಾಠಶಾಲೆಯ ಮಕ್ಕಳಿಗೆ ನಾನೇ ಹೇಳುತ್ತಿದ್ದೆ. ಅಷ್ಟೇಕೆ, ನಾನು ಕುಳಿತಿದ್ದ ವೈಟ್‌ಫೀಲ್ಡಿನಲ್ಲಿ ಬಿಳಿಯ ಹೊಲವೇನೂ ಇರಲಿಲ್ಲ. ೧೮೮೨ರಲ್ಲಿ ಮೈಸೂರು ಮಹಾರಾಜರು ಕೊಟ್ಟ ಭೂಮಿಯಲ್ಲಿ ಆಂಗ್ಲೋ ಇಂಡಿಯನ್ನರ ನೆಲೆ ಹೂಡಿದ ಡಿ. ಎಸ್. ವೈಟ್ ಎಂಬವರ ಹೆಸರದು.

ಅಹೋರಾತ್ರಿಗೆ ಎಂಟು ಜಾವ. ಒಂದು ಜಾವಕ್ಕೆ ಏಳೂವರೆ ಗಳಿಗೆ, ಗಡಿಯಾರದ ಲೆಕ್ಕದಲ್ಲಿ ಮೂರು ಗಂಟೆ. ಸೂರ್ಯಾಸ್ತದಿಂದ ಎಣಿಸಿದರೆ ರಾತ್ರಿಯ ನಾಲ್ಕನೆಯದೇ ಬೆಳಗಿನ ಜಾವ. ಶಿವರಾತ್ರಿಯಂದು ನಾಲ್ಕು ಜಾವದ ಪೂಜೆಗೆ ಎದ್ದಿರುವ ಮನೆಗಳಲ್ಲಿ ಈ ಲೆಕ್ಕ ಇನ್ನೂ ಉಳಿದಿದೆ. ಸಂಸ್ಕೃತದಲ್ಲಿ ರಾತ್ರಿಗೆ ತ್ರಿಯಾಮಾ ಎಂದೂ ಹೆಸರಿದೆ. ಸಂಜೆಯ ಅರ್ಧ, ಮುಂಜಾನೆಯ ಅರ್ಧ ಜಾವಗಳನ್ನು ಜನ ಎಚ್ಚರದಲ್ಲಿಯೇ ಕಳೆಯುವುದರಿಂದ ನಿಜವಾದ ರಾತ್ರಿ ಮೂರೇ ಜಾವ ಎಂಬುದು ಅದರ ಭಾವ. ಮಠದಲ್ಲಿ ಹುಡುಗರಾಗಿದ್ದಾಗ ನಮಗೆ ಗಡಿಯಾರವಿರಲಿಲ್ಲ. ನಾಲ್ಕನೆಯ ಜಾವದ ಗಂಟೆ ಬಾರಿಸಿದರೆ ಚಾಪೆ ಸುತ್ತಬೇಕು, ಬಾವಿಯ ಬಳಿ ಸಾಲು ನಿಲ್ಲಬೇಕು. ಆ ತಣ್ಣೀರಿನ ನೆನಪಾದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪೀಣ್ಯದ ಹಿರಿಯ ಹುಡುಗನದು ಬೇರೆ ಲೆಕ್ಕ. ಅವನ ಕಾರ್ಖಾನೆಯಲ್ಲಿ ದಿನಕ್ಕೆ ಮೂರು ಪಾಳಿ, ಪಾಳಿಗೆ ಎಂಟು ಗಂಟೆ. ನಮ್ಮದು ದಿನಕ್ಕೆ ಎಂಟು ಜಾವ, ಜಾವಕ್ಕೆ ಮೂರು ಗಂಟೆ. ಅಂಕಿಗಳು ಅವೇ, ತಿರುವಿ ಹಾಕಿದ್ದಾರೆ. ಮೂರನೆಯ ಪಾಳಿಯ ವಾರ ಅವನು ಬೆಳಗ್ಗೆ ಮನೆಗೆ ಬರುವಾಗ ತಮ್ಮನ ಹೆಂಡತಿ ಕಿರಿಯವನ ಕೋಣೆಯ ಪರದೆ ಎಳೆದು ಮಲಗಿಸುತ್ತಿರುತ್ತಾಳೆ. ಇಬ್ಬರು ಗಂಡುಮಕ್ಕಳು ಒಂದೇ ಸೂರಿನಡಿ ಇದ್ದು ವಾರಗಟ್ಟಲೆ ಒಟ್ಟಿಗೆ ಕುಳಿತು ಉಣ್ಣುವುದಿಲ್ಲವೆಂದು ಅವಳು ಹೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗನಿಗೆ ಗದರುವ ಮನಸ್ಸಾದದ್ದುಂಟು. ಆದರೆ ಅವನ ಮೇಜಿನ ಮೂಲೆಯಲ್ಲಿ ವಿಭೂತಿಯ ಕರಡಿಗೆ ಕಂಡಿತು. ಮಲಗುವ ಮುನ್ನ ಸ್ನಾನ ಮಾಡಿ ಇಷ್ಟಲಿಂಗ ಪೂಜೆ ಮುಗಿಸುತ್ತಾನಂತೆ. ನಾನು ದಿನದ ಮೊದಲಿಗೆ ಮಾಡುವುದನ್ನು ಅವನು ದಿನದ ಕೊನೆಗೆ ಮಾಡುತ್ತಾನೆ. ಗಡಿಯಾರದಲ್ಲಿ ನಮ್ಮಿಬ್ಬರದೂ ಒಂದೇ ಹೊತ್ತು. ಆ ಮುಂಜಾನೆ ಇಬ್ಬರೂ ಒಟ್ಟಿಗೇ ಕುಳಿತೆವು.

ಕೆಳಗಿಳಿದು ಬಂದರೆ ಹಿಂದೂಪುರ ಕಡೆಯ ಕಾವಲುಗಾರ ಲೋಟವೊಂದನ್ನು ಹಿಡಿದು ಕುಳಿತಿದ್ದ. ಏನಪ್ಪ ಎಂದರೆ, ‘ರಾಗಿ ಜಾವ ಸಾಮಿ’ ಎಂದ! ತೆಲುಗಿನಲ್ಲಿ ಜಾವ ಎಂದರೆ ಗಂಜಿ. ನಾವು ಅಂಬಲಿ ಎನ್ನುವುದು. ಬೆಳಗಿನ ಜಾವದಲ್ಲಿ ರಾಗಿಯ ಜಾವ ಕುಡಿಯುತ್ತ, ಜಾವಾದ ಹುಡುಗರ ಕಟ್ಟಡವನ್ನು ಕಾಯುತ್ತಿದ್ದ ಅವನನ್ನು ಕಂಡು ನನಗೆ ನಗು ತಡೆಯಲಾಗಲಿಲ್ಲ. ಪಾಪ, ತನ್ನನ್ನೇ ನೋಡಿ ನಗುತ್ತಿದ್ದಾರೆಂದು ಅವನು ಎದ್ದುನಿಂತುಬಿಟ್ಟ. ಅವನನ್ನು ಕೂರಿಸಿ, ಕಥೆ ಹೇಳಿ, ಅರ್ಧ ಲೋಟ ನಾನೂ ಕುಡಿದೆ.

ಅಂದೇ ಹೊತ್ತೇರಿದ ಮೇಲೆ ಮೈಸೂರಿಗೆ ಫೋನು ಮಾಡಿದೆ. ಮೊದಲು ಕ್ಷಮೆ ಕೇಳಿದೆ. ಅನಂತರ ಎಲ್ಲವನ್ನೂ ವಿವರಿಸಿದೆ. ಅಜ್ಜನವರು ಸುಮ್ಮನೆ ಕೇಳಿಸಿಕೊಂಡು, ‘ಅಂದ್ರ ಗಾಡಿ ಅಲ್ಲ, ಭಾಷಾ’ ಎಂದರು. ಹೌದೆಂದೆ. ‘ಶಾಸ್ತ್ರಿಗಳ, ಮೂರ ವಾರ ನಿಮ್ಮ ಬಗ್ಗೆ ಕೆಟ್ಟ ವಿಚಾರ ಮಾಡೀನ್ರಿ. ತಪ್ಪಾತು’ ಎಂದು ಅವರು ತಿರುಗಿ ಕ್ಷಮೆ ಕೇಳಿದಾಗ ನನ್ನ ಗಂಟಲು ಕಟ್ಟಿತು. ವಿಚಾರಿಸದೆ ಮಾತಾಡಿದವನು ನಾನು; ಕ್ಷಮೆ ಕೇಳುತ್ತಿರುವವರು ಅವರು.

ಅಷ್ಟರಲ್ಲಿ ಹಿಂದಿನಿಂದ ಅಜ್ಜಿಯವರ ದನಿ. ‘ಜಾವಾ ಎಷ್ಟ ಮಂದಿ ಅದಾರ, ಅದನ್ನ ಕೇಳ್ರಿ ಮೊದಲ!’

ಕಂಪ್ಯೂಟರಿನ ಕೆಲಸಗಾರರ ಸಂಖ್ಯೆಯನ್ನು ಕೇಳುತ್ತಿದ್ದಾರೆಂದು ನಾನು ತಬ್ಬಿಬ್ಬಾದೆ. ಅಜ್ಜನವರು ಜೋರಾಗಿ ನಕ್ಕರು. ಅಜ್ಜಿಯವರ ತವರು ಇಚಲಕರಂಜಿ. ಮರಾಠಿಯಲ್ಲಿ ಅಣ್ಣತಮ್ಮಂದಿರ ಹೆಂಡಿರು ಪರಸ್ಪರ ಜಾವಾ. ಉತ್ತರ ಕರ್ನಾಟಕದಲ್ಲಿ ನೆಗೆಣ್ಣಿ, ನಮ್ಮ ಕಡೆ ಓರಗಿತ್ತಿ ಎನ್ನುತ್ತೇವೆ. ಮೊಮ್ಮಗಳು ಸೇರುವ ಮನೆಯಲ್ಲಿ ಓರಗಿತ್ತಿಯರು ಎಷ್ಟು ಜನ ಎಂಬುದು ಅವರ ಪ್ರಶ್ನೆ. ಇಷ್ಟು ಜನ ಇಷ್ಟು ಜಾವಗಳನ್ನು ಹೇಳಿದ್ದರಲ್ಲಿ ಹೆಣ್ಣಿನ ಬಾಳಿಗೆ ನಿಜವಾಗಿ ಸಂಬಂಧಪಟ್ಟದ್ದನ್ನು ಕೇಳಿದವರು ಅವರೊಬ್ಬರೇ. ಒಬ್ಬಳೇ ಇದ್ದಾಳೆ, ಸಾತ್ವಿಕಳು ಎಂದೆ. ಮೂರು ವರ್ಷದಿಂದ ನೋಡಿದವನಾದ್ದರಿಂದ ಈ ಸಲ ತಿಳಿದೇ ಹೇಳಿದೆ.

ಹುಡುಗಿಯ ಕಿವಿಗೆ ವಿಷಯ ಬಿತ್ತು. ಅವಳ ಒಪ್ಪಿಗೆಯ ಮೇಲೆ ಮುಂದಿನ ಭಾನುವಾರ ಬೆಳಗಿನ ಜಾವ ಮೈಸೂರಿನಿಂದ ಹೊರಟು ಬರುವುದೆಂದು ಗೊತ್ತಾಯಿತು. ಹುಡುಗನಿಗೆ ತಿಳಿಸಿದೆ. ಅವನು ಫೋನಿನಲ್ಲಿ ಗುರುತು ಹಾಕಿಕೊಳ್ಳುತ್ತ, ‘ದೊಡ್ಡಪ್ಪ, ಬೆಳಗಿನ ಜಾವ ಅಂದರೆ ಸರಿಯಾಗಿ ಎಷ್ಟು ಗಂಟೆ?’ ಎಂದು ಕೇಳಿದ.

‘ಮೂರರಿಂದ ಆರು.’

‘ಹಾಗಾದರೆ ಅವರು ಹೊರಡುವಾಗ ನಾನು ಎದ್ದೇ ಇರುತ್ತೇನೆ’ ಎಂದ.